ಎಂಟೂವರೆಯ ಗೆರೆ

ಸರಳ ಲೋಲಕದ ಪ್ರಯೋಗ ಮಾಡಿದ ಯಾವ ವಿದ್ಯಾರ್ಥಿಗೂ ಒಂದು ಗುಟ್ಟು ಗೊತ್ತಿರುತ್ತದೆ. ಗುರುತ್ವ ವೇಗೋತ್ಕರ್ಷದ ಬೆಲೆ 9.8ರ ಆಸುಪಾಸು ಬರಬೇಕೆಂದು ಪುಸ್ತಕದಲ್ಲಿ ಮೊದಲೇ ಅಚ್ಚಾಗಿದೆ. ದಾರದ ಉದ್ದ ಅಳೆದು, ಇಪ್ಪತ್ತು ಆಂದೋಲನಗಳಿಗೆ ಹಿಡಿದ ಕಾಲ ನೋಡಿ, ಲೆಕ್ಕ ಹಾಕಿದಾಗ 9.1 ಬಂತೆನ್ನಿ. ತಾಳ್ಮೆಯಿದ್ದವನು ಮತ್ತೊಮ್ಮೆ ಅಳೆಯುತ್ತಾನೆ. ಅವಸರದವನು ಕೋಷ್ಟಕದಲ್ಲಿ ಒಂದು ಅಂಕಿಯನ್ನು ತಿದ್ದುತ್ತಾನೆ. ರೆಕಾರ್ಡ್ ಪುಸ್ತಕ ಚೊಕ್ಕಟವಾಗಿ ಕಾಣುತ್ತದೆ, ಮೇಷ್ಟರ ಸಹಿಯೂ ಬೀಳುತ್ತದೆ. ಲೋಲಕಕ್ಕೇನೂ ನಷ್ಟವಿಲ್ಲ, ಅದು ತನ್ನ ಪಾಡಿಗೆ ತಾನು ತೂಗುತ್ತಿರುತ್ತದೆ.

ಅಳೆಯುತ್ತಿರುವುದು ಲೋಲಕವನ್ನಲ್ಲ, ಮಕ್ಕಳನ್ನು ಎಂದಾದರೆ ಕಥೆ ಬೇರೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2004ರಿಂದ ಒಂದು ಡಜನ್ ವರ್ಷಕ್ಕೂ ಹೆಚ್ಚು ಕಾಲ ನಡೆದದ್ದು ಹೆಚ್ಚುಕಡಿಮೆ ಇಂಥದೇ ತಿದ್ದುಪಡಿ. ಅಲ್ಲಿ ಮೊದಲೇ ಅಚ್ಚಾಗಿದ್ದ ಉತ್ತರ 8.5. ನೂರು ಮಕ್ಕಳಲ್ಲಿ ಎಂಟೂವರೆ ಮಕ್ಕಳಿಗಿಂತ ಹೆಚ್ಚು ಮಂದಿಗೆ ವಿಶೇಷ ಶಿಕ್ಷಣ ಬೇಕಾಗದು ಎಂಬ ಉತ್ತರ ಅದು.

ಅಲ್ಲಿನ ಶಾಲಾ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಂಡರೆ ಈ ಸಂಗತಿ ಅರ್ಥವಾದೀತು. ಅಮೆರಿಕದಲ್ಲಿ 'ಶಾಲಾ ಜಿಲ್ಲೆ' ಎಂದರೆ ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ. ಒಂದು ಊರಿನ ಅಥವಾ ಊರಿನ ಒಂದು ಭಾಗದ ಶಾಲೆಗಳನ್ನು ನಡೆಸುವ ಸ್ವತಂತ್ರ ಸಂಸ್ಥೆ ಅದು. ಅದಕ್ಕೆ ಸಾಮಾನ್ಯವಾಗಿ ಚುನಾಯಿತ ಮಂಡಳಿಯಿರುತ್ತದೆ, ಮನೆ ನಿವೇಶನಗಳ ಮೇಲೆ ಹಾಕಿದ ತೆರಿಗೆಯ ಆದಾಯವಿರುತ್ತದೆ. ಟೆಕ್ಸಾಸ್ ಒಂದರಲ್ಲೇ ಬೇರೆ ಬಗೆಯ ಸ್ವಾಯತ್ತ ಶಾಲೆಗಳನ್ನೂ ಸೇರಿಸಿ ಇಂಥ ಸಂಸ್ಥೆಗಳು 1,200ರ ಹತ್ತಿರ ಇವೆ. ಇವುಗಳ ಮೇಲೆ ಕಣ್ಣಿಡುವುದು ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ಶಿಕ್ಷಣ ಇಲಾಖೆ. ವಿಶೇಷ ಶಿಕ್ಷಣದ ವಿಚಾರದಲ್ಲಿ ಆ ಇಲಾಖೆಯ ಮೇಲೆ ಕಣ್ಣಿಡುವುದು ವಾಷಿಂಗ್ಟನ್ನಿನ ಕೇಂದ್ರ ಶಿಕ್ಷಣ ಇಲಾಖೆ.

ಈ ಸರಪಳಿಯನ್ನು ಬೆಸೆದದ್ದು 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯಿದೆ. ಅದಕ್ಕೂ ಮೊದಲು ಅಂಥ ಸಿರಿವಂತ ದೇಶದಲ್ಲೂ ಅಂಗವೈಕಲ್ಯವಿದ್ದ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಮಾತ್ರ ಸಾರ್ವಜನಿಕ ಶಾಲೆಯಲ್ಲಿ ಪಾಠ ಸಿಗುತ್ತಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಕಿವಿ ಕೇಳದವರು, ಕಣ್ಣು ಕಾಣದವರು, ಬುದ್ಧಿಯ ಬೆಳವಣಿಗೆ ನಿಧಾನವಾದವರು ಇಲ್ಲಿಗೆ ಬೇಡ ಎಂದು ಬಾಗಿಲು ಮುಚ್ಚಲು ಹಲವು ರಾಜ್ಯಗಳ ಕಾನೂನೇ ಅನುಮತಿ ಕೊಟ್ಟಿತ್ತು. 1972ರಲ್ಲಿ ಪೆನ್ಸಿಲ್ವೇನಿಯಾ ಮತ್ತು ವಾಷಿಂಗ್ಟನ್ ನಗರದ ತಂದೆತಾಯಿಗಳು ನ್ಯಾಯಾಲಯದಲ್ಲಿ ಗೆದ್ದ ಮೇಲೆ ಗಾಳಿ ತಿರುಗಿತು.

ಆ ಕಾಯಿದೆಯ ತಿರುಳು ಸರಳವಾದದ್ದು. ಅಂಗವೈಕಲ್ಯವಿರುವ ಪ್ರತಿಯೊಂದು ಮಗುವಿಗೂ ಅದಕ್ಕೆ ತಕ್ಕ ಶಿಕ್ಷಣವನ್ನು ಉಚಿತವಾಗಿ ಕೊಡಬೇಕು. ಮಗುವಿನ ಹೆಸರಿನಲ್ಲೇ ಬರೆದ ಒಂದು ಶಿಕ್ಷಣ ಯೋಜನೆ ಇರಬೇಕು, ಅದನ್ನು ರೂಪಿಸುವ ಮೇಜಿನ ಸುತ್ತ ತಂದೆತಾಯಿಗೂ ಕುರ್ಚಿ ಇರಬೇಕು. ಸಾಧ್ಯವಾದಷ್ಟು ಮಟ್ಟಿಗೆ ಮಗು ಉಳಿದ ಮಕ್ಕಳ ಜೊತೆಯಲ್ಲೇ ಕಲಿಯಬೇಕು. ಇನ್ನೂ ಒಂದು ಕರ್ತವ್ಯವಿದೆ, ನಮ್ಮ ಕಥೆಗೆ ಮುಖ್ಯವಾದದ್ದು ಅದೇ. ಮಗು ತಾನಾಗಿ ಬಂದು ಕೇಳಲಿ ಎಂದು ರಾಜ್ಯ ಕಾಯುತ್ತ ಕೂರುವಂತಿಲ್ಲ. ಅಂಥ ಮಕ್ಕಳನ್ನು ಹುಡುಕಿ, ಗುರುತಿಸಿ, ಪರೀಕ್ಷಿಸುವುದು ರಾಜ್ಯದ್ದೇ ಹೊಣೆ.

ಹುಡುಕಿದಷ್ಟೂ ಖರ್ಚು ಹೆಚ್ಚುತ್ತದೆ. ಮಾತು ತಿದ್ದುವ ಚಿಕಿತ್ಸಕರು, ತರಬೇತಾದ ಶಿಕ್ಷಕರು, ಸಹಾಯಕರು, ಬೇರೆ ಬಸ್ಸು, ಎಲ್ಲಕ್ಕೂ ದುಡ್ಡು ಬೇಕು. ಹೆಚ್ಚುವರಿ ವೆಚ್ಚಕ್ಕೆಂದು, ಒಬ್ಬ ವಿದ್ಯಾರ್ಥಿಗೆ ತಗಲುವ ಸರಾಸರಿ ಖರ್ಚಿನ ಶೇ. 40ರವರೆಗೆ ಕೇಂದ್ರ ಕೊಡುವುದೆಂದು 1975ರಲ್ಲಿ ಮಾತಾಗಿತ್ತು. ಯಾವ ವರ್ಷವೂ ಅಷ್ಟು ಬಂದಿಲ್ಲ. ಸಾಮಾನ್ಯ ವರ್ಷಗಳಲ್ಲಿ ಅದರ ಅರ್ಧವೂ ಇಲ್ಲ. ಉಳಿದದ್ದನ್ನು ರಾಜ್ಯ ಮತ್ತು ಶಾಲಾ ಜಿಲ್ಲೆಗಳೇ ಹೊರಬೇಕು.

2003ರಲ್ಲಿ ಟೆಕ್ಸಾಸಿನ ಶಾಸನಸಭೆ ಶಿಕ್ಷಣ ಇಲಾಖೆಯ ಅನುದಾನಕ್ಕೆ 110 ಕೋಟಿ ಡಾಲರುಗಳ ಕತ್ತರಿ ಹಾಕಿತು. ಮರುವರ್ಷ ಇಲಾಖೆ ಶಾಲಾ ಜಿಲ್ಲೆಗಳ ಕಾರ್ಯವನ್ನು ಅಂಕಿಗಳಿಂದ ತೂಗುವ ಹೊಸ ಪದ್ಧತಿ ತಂದಿತು. ಅದರೊಳಗಿದ್ದ ಹಲವಾರು ಸೂಚಕಗಳಲ್ಲಿ ಒಂದು, ಒಟ್ಟು ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ವಿಶೇಷ ಶಿಕ್ಷಣ ಪಡೆಯುತ್ತಿದ್ದಾರೆ ಎಂಬುದು. ಶೇ. 8.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಒಳ್ಳೆಯ ಗುಣಾಂಕ. ಮೀರಿದರೆ ಗುಣಾಂಕ ಕೆಡುತ್ತದೆ, ತುಂಬಾ ಮೀರಿದರೆ ಸುಧಾರಣಾ ಯೋಜನೆ ಬರೆದುಕೊಡಬೇಕು, ತನಿಖೆಯವರೂ ಬಂದಾರು. ಆಗ ರಾಜ್ಯದ ಸರಾಸರಿ ಶೇ. 12ರ ಹತ್ತಿರ, ದೇಶದ್ದು ಶೇ. 13ರ ಹತ್ತಿರ ಇತ್ತು. ಹಾಗಾದರೆ ಎಂಟೂವರೆ ಬಂದದ್ದೆಲ್ಲಿಂದ? ಆಧಾರವಾಗಿ ಯಾವ ಸಂಶೋಧನೆಯನ್ನೂ ಅಧಿಕಾರಿಗಳಿಗೆ ತೋರಿಸಲಾಗಲಿಲ್ಲ. ಶಾಸನಸಭೆಯನ್ನಾಗಲಿ ಕೇಂದ್ರವನ್ನಾಗಲಿ ಯಾರೂ ಕೇಳಿರಲೂ ಇಲ್ಲ.

ಇಲ್ಲಿ ಇಲಾಖೆಗೂ ಒಂದು ಮಾತು ಸಲ್ಲಬೇಕು. ಅತಿಯಾಗಿ ಗುರುತಿಸುವುದೂ ಅನ್ಯಾಯವೇ. ಕಪ್ಪು ಜನಾಂಗದ ಮಕ್ಕಳನ್ನು ಬುದ್ಧಿ ಸಾಲದವರೆಂದು ಹಣೆಪಟ್ಟಿ ಕಟ್ಟಿ ಬೇರೆ ಕೋಣೆಗೆ ದೂಡಿದ ಕೆಟ್ಟ ಚರಿತ್ರೆ ಅಮೆರಿಕದ ಶಾಲೆಗಳಿಗಿದೆ. 1979ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದು, ಅವರನ್ನು ಅಂಥ ತರಗತಿಗಳಿಗೆ ಹಾಕಲು ಬುದ್ಧಿಸೂಚ್ಯಂಕದ ಪರೀಕ್ಷೆ ಬಳಸುವುದನ್ನು ತಡೆದದ್ದೂ ಇದೇ ಕಾರಣಕ್ಕೆ. ಮೇಲಿನವರು ಅಂಕಿಯನ್ನು ಗಮನಿಸಲೇಬೇಕು. ಆದರೆ ಜ್ವರಮಾಪಕ ಹೆಚ್ಚು ತೋರಿಸಿದಾಗ ರೋಗಿಯನ್ನು ನೋಡುವುದು ಒಂದು ರೀತಿ, 98.4ಕ್ಕಿಂತ ಹೆಚ್ಚು ತೋರಿಸಿದ ದಾದಿಗೆ ದಂಡ ಹಾಕುವುದು ಇನ್ನೊಂದು ರೀತಿ. ಎರಡನೆಯದರಲ್ಲಿ ಆಸ್ಪತ್ರೆಯ ತುಂಬ ಜ್ವರವೇ ಇರುವುದಿಲ್ಲ. ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯದು ಎಂಬರ್ಥದ ಸೂತ್ರ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿದೆ. ಅವರು ಅದರ ಮೂಲ ರೂಪವನ್ನು ಮುಂದಿಟ್ಟದ್ದೂ 1975ರಲ್ಲೇ ಎಂಬುದು ಕಾಕತಾಳೀಯ.

ಶಾಲೆಗಳಲ್ಲಿ ಯಾರೂ 'ಈ ಮಗುವಿಗೆ ಕೊಡಬೇಡಿ' ಎಂದು ಬರೆದುಕೊಡಬೇಕಾಗಿರಲಿಲ್ಲ. ತಡ ಮಾಡಿದರೆ ಸಾಕಿತ್ತು. ಓದು ತಲೆಗೆ ಹತ್ತದ ಮಗುವಿಗೆ ಮೊದಲು ತರಗತಿಯಲ್ಲೇ ಹೆಚ್ಚಿನ ಗಮನ ಕೊಟ್ಟು ನೋಡುವ ಒಂದು ಕ್ರಮವಿದೆ, ಅದು ಒಳ್ಳೆಯದೇ. ಆ ಕ್ರಮವನ್ನು ಪರೀಕ್ಷೆ ಮುಂದೂಡುವ ನೆಪವಾಗಿ ಬಳಸಕೂಡದೆಂದು ಕೇಂದ್ರ ಇಲಾಖೆ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿತ್ತು. ಟೆಕ್ಸಾಸಿನಲ್ಲಿ ಆದದ್ದು ಅದೇ. 'ಇನ್ನೊಂದು ಆರು ವಾರ ನೋಡೋಣ' ಎನ್ನುತ್ತ ವರ್ಷಗಳು ಉರುಳಿದವು. ಅಕ್ಷರಗಳನ್ನು ಗುರುತಿಸಲು ಒದ್ದಾಡುವ ಡಿಸ್ಲೆಕ್ಸಿಯಾ ಮಕ್ಕಳನ್ನು ವಿಶೇಷ ಶಿಕ್ಷಣದ ಲೆಕ್ಕಕ್ಕೆ ಸೇರದ ಬೇರೊಂದು ವಿಭಾಗಕ್ಕೆ ಸಾಗಿಸಲಾಯಿತು. ಆ ವಿಭಾಗದಲ್ಲಿ ಸವಲತ್ತೂ ಕಡಿಮೆ, ತಂದೆತಾಯಿಗೆ ಕಾನೂನಿನ ರಕ್ಷಣೆಯೂ ಕಡಿಮೆ. ಹ್ಯೂಸ್ಟನ್ ನಗರದ ಶಾಲಾ ಜಿಲ್ಲೆಯಂತೂ ರಾಜ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಶೇ. 8ರ ಗುರಿ ಇಟ್ಟುಕೊಂಡು, ಅದಕ್ಕಿಂತಲೂ ಕೆಳಗಿಳಿಯಿತು.

2016ರ ಸೆಪ್ಟೆಂಬರಿನಲ್ಲಿ 'ಹ್ಯೂಸ್ಟನ್ ಕ್ರಾನಿಕಲ್' ಪತ್ರಿಕೆ ಈ ಗೆರೆಯನ್ನು ಬೆಳಕಿಗೆ ತಂದಿತು. ಬರೆದವರು ಬ್ರಯಾನ್ ರೋಸೆಂಥಾಲ್. ಅವರು ಅಂಕಿಗಳನ್ನು ಕೆದಕಿದ್ದಲ್ಲದೆ ಶಿಕ್ಷಕರನ್ನೂ ಪಾಲಕರನ್ನೂ ಮಾತಾಡಿಸಿದ್ದರು. ಸ್ವಲೀನತೆ, ಮೂರ್ಛೆರೋಗ, ಮಾತಿನ ತೊಡಕು, ಕಡೆಗೆ ಕುರುಡು ಕಿವುಡು ಇದ್ದವರೂ ಸೌಲಭ್ಯದಿಂದ ಹೊರಗುಳಿದಿದ್ದರು. 2015ರಲ್ಲಿ ರಾಜ್ಯದ ಸರಾಸರಿ ಸರಿಯಾಗಿ ಶೇ. 8.5 ಆಗಿತ್ತು, ದೇಶದಲ್ಲೇ ಅತಿ ಕಡಿಮೆ. ಐವತ್ತು ಲಕ್ಷಕ್ಕೂ ಮಿಕ್ಕಿದ ಮಕ್ಕಳಿರುವ ರಾಜ್ಯದ ಲೋಲಕ ಪುಸ್ತಕದ ಉತ್ತರವನ್ನೇ ಕೊಟ್ಟಿತ್ತು! ವಿಜ್ಞಾನ ಓದಿದ ಯಾರಿಗಾದರೂ ಸಂಶಯ ಬರಬೇಕಾದ ಘಳಿಗೆ ಅದು.

ಅದು ಮಿತಿಯಲ್ಲ, ಬರಿಯ ಸೂಚಕ. ಒಳ್ಳೆಯ ಬೋಧನೆಯಿಂದ ವಿಶೇಷ ಶಿಕ್ಷಣದ ಅಗತ್ಯವೇ ತಗ್ಗಿದೆ ಎಂದು ರಾಜ್ಯದ ಇಲಾಖೆ ಸಮಜಾಯಿಷಿ ಕೊಟ್ಟಿತು. ಕೇಂದ್ರ ಒಪ್ಪಲಿಲ್ಲ. ಅದರ ಅಧಿಕಾರಿಗಳು 2016ರ ಡಿಸೆಂಬರಿನಲ್ಲಿ ಊರೂರಿಗೆ ಹೋಗಿ ಪಾಲಕರ ಅಹವಾಲು ಕೇಳಿದರು, 2017ರಲ್ಲಿ ಹನ್ನೆರಡು ಶಾಲಾ ಜಿಲ್ಲೆಗಳ ಕಡತ ತೆರೆಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಇಂಥ ಮಿತಿಯನ್ನೇ ನಿಷೇಧಿಸುವ ಕಾನೂನಿಗೆ ಟೆಕ್ಸಾಸಿನ ರಾಜ್ಯಪಾಲರು ಸಹಿ ಹಾಕಿದರು (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯಂತೆ). 2018ರ ಜನವರಿ 11ರಂದು ಬಂದ ಕೇಂದ್ರದ ಪತ್ರ, ರಾಜ್ಯ ಕಾಯಿದೆಯನ್ನು ಮೀರಿದೆ ಎಂದು ಖಚಿತವಾಗಿ ಹೇಳಿತು. ಮಕ್ಕಳನ್ನು ಹುಡುಕಿಲ್ಲ, ತಕ್ಕ ಶಿಕ್ಷಣ ಕೊಟ್ಟಿಲ್ಲ, ಶಾಲಾ ಜಿಲ್ಲೆಗಳ ಮೇಲ್ವಿಚಾರಣೆಯನ್ನೂ ಸರಿಯಾಗಿ ಮಾಡಿಲ್ಲ ಎಂಬ ಮೂರು ಆರೋಪಗಳೂ ರುಜುವಾತಾಗಿದ್ದವು.

ಆ ಪತ್ರದ ಅಂಕಿಗಳಿಂದ ವಿದ್ಯಾರ್ಥಿಗಳು ತಾವೇ ಒಂದು ಲೆಕ್ಕ ಮಾಡಿ ನೋಡಬಹುದು. 2003-04ರಲ್ಲಿ ರಾಜ್ಯದ ಶಾಲೆಗಳಲ್ಲಿದ್ದವರು ಸುಮಾರು 43 ಲಕ್ಷ 28 ಸಾವಿರ. ವಿಶೇಷ ಶಿಕ್ಷಣದಲ್ಲಿದ್ದವರು 5 ಲಕ್ಷ 9 ಸಾವಿರ. 2016-17ರ ಹೊತ್ತಿಗೆ ಒಟ್ಟು ಸಂಖ್ಯೆ 53 ಲಕ್ಷ 59 ಸಾವಿರಕ್ಕೆ ಏರಿತ್ತು. ವಿಶೇಷ ಶಿಕ್ಷಣದಲ್ಲಿದ್ದವರು ಮಾತ್ರ 4 ಲಕ್ಷ 77 ಸಾವಿರಕ್ಕೆ ಇಳಿದಿದ್ದರು. ಹಳೆಯ ಪ್ರಮಾಣವೇ ಮುಂದುವರಿದಿದ್ದರೆ ಎಷ್ಟು ಮಂದಿ ಇರಬೇಕಿತ್ತು? ತ್ರೈರಾಶಿ ಸಾಕು. 6 ಲಕ್ಷ 30 ಸಾವಿರ ಬರುತ್ತದೆ. ಕಾಣೆಯಾದವರು ಒಂದೂವರೆ ಲಕ್ಷ. ರಾಷ್ಟ್ರದ ಸರಾಸರಿಯನ್ನು ಹಿಡಿದು ಲೆಕ್ಕ ಹಾಕಿದ್ದ ಪತ್ರಿಕೆಗೆ ಎರಡೂವರೆ ಲಕ್ಷ ಸಿಕ್ಕಿತ್ತು.

ಕನ್ನಡದ ಓದುಗರಿಗೆ ಇದು ಅಷ್ಟೇನೂ ದೂರದ ಮಾತಲ್ಲ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್‌ಗಳಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ; ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳಿಗೆಂದು ವಿಮಾನ ಹತ್ತಿದ ಅಜ್ಜಿಯರು ನಮ್ಮ ಬೀದಿಬೀದಿಯಲ್ಲೂ ಸಿಗುತ್ತಾರೆ. ಅಂಥ ಮನೆಯಲ್ಲಿ ಮಗು ಮಾತಾಡುವುದು ತಡವಾದರೆ 'ಎರಡು ಭಾಷೆಯ ಗೊಂದಲ, ಸರಿಹೋಗುತ್ತದೆ' ಎಂಬ ಸಮಾಧಾನ ಮನೆಯವರಿಂದಲೂ ಬರುತ್ತದೆ, ಶಾಲೆಯಿಂದಲೂ ಬರುತ್ತದೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಈ ಗೆರೆಯ ಹೊರಗೆ ಇನ್ನೂ ಹೆಚ್ಚಾಗಿ ಉಳಿದಿದ್ದರೆಂಬುದು ಪತ್ರಿಕೆಯ ವರದಿಗಳಲ್ಲೇ ಇತ್ತು. ಕಾಯಿದೆ ಹೇಳುವುದು ಬೇರೆ. ಇಂಗ್ಲಿಷ್ ಬಾರದ್ದನ್ನೇ ಅಂಗವೈಕಲ್ಯವೆಂದು ಬಗೆಯಬಾರದು. ಹಾಗೆಯೇ ಸಾಧ್ಯವಿರುವ ಕಡೆ ಮಗುವಿನ ಮನೆಮಾತಿನಲ್ಲೇ ಪರೀಕ್ಷೆ ನಡೆಯಬೇಕು, ತಂದೆತಾಯಿಗೆ ಕೊಡುವ ತಿಳಿವಳಿಕೆ ಪತ್ರವೂ ಅವರ ಭಾಷೆಯಲ್ಲಿರಬೇಕು. ಪರೀಕ್ಷೆಗೆ ಕೇಳುವುದನ್ನು ಬಾಯಿಮಾತಿನಲ್ಲಿ ಬಿಡದೆ, ತಾರೀಕು ಹಾಕಿದ ಕಾಗದದಲ್ಲಿ ಕೇಳುವುದು ಜಾಣತನ. ಶಾಲೆ ಒಲ್ಲೆನೆಂದರೆ ಅದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು. ಆಮೇಲೂ ನ್ಯಾಯ ಸಿಗದಿದ್ದರೆ, ಲೋಪ ನಡೆದ ಒಂದು ವರ್ಷದೊಳಗೆ ರಾಜ್ಯದ ಇಲಾಖೆಗೆ ದೂರು ಕೊಡಬಹುದು. ವಿಶೇಷ ಸಂದರ್ಭಗಳನ್ನು ಬಿಟ್ಟರೆ ಅರವತ್ತು ದಿನಗಳಲ್ಲಿ ತೀರ್ಮಾನ ಆಗಬೇಕೆಂದು ನಿಯಮವಿದೆ. ವಕೀಲರೇ ಬೇಕೆಂದಿಲ್ಲ.

ಪ್ರತಿ ವರ್ಷ ಬೇಸಿಗೆಯಲ್ಲಿ ಕೇಂದ್ರ ಇಲಾಖೆ ಎಲ್ಲ ರಾಜ್ಯಗಳಿಗೂ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುವ ಪದ್ಧತಿಯೂ ಈ ಕಾಯಿದೆಯಲ್ಲಿದೆ. ಗಡುವಿನೊಳಗೆ ಕಾಗದಪತ್ರ ಕಳಿಸಿದ ರಾಜ್ಯ ಸುಲಭವಾಗಿ ಪಾಸಾಗುತ್ತಿದ್ದ ಕಾಲವೊಂದಿತ್ತು. 2014ರಿಂದ ಮಕ್ಕಳು ನಿಜಕ್ಕೂ ಏನು ಕಲಿತರು ಎಂಬುದನ್ನೂ ಸೇರಿಸಿಕೊಂಡ ಮೇಲೆ ಹಲವು ರಾಜ್ಯಗಳ ದರ್ಜೆ ಒಮ್ಮೆಗೇ ಕೆಳಗಿಳಿಯಿತು. 2025ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರಂಪ್ ಕೇಂದ್ರ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ದಿಕ್ಕಿನ ಆದೇಶಕ್ಕೆ ಸಹಿ ಹಾಕಿದಾಗ ಅಂಗವಿಕಲ ಮಕ್ಕಳ ಪಾಲಕರು ಬೆಚ್ಚಿದ್ದಕ್ಕೆ ಟೆಕ್ಸಾಸಿನ ನೆನಪೂ ಒಂದು ಕಾರಣ. ಅಲ್ಲಿ ರಾಜ್ಯವನ್ನು ಪ್ರಶ್ನಿಸಿದ ಸರ್ಕಾರಿ ಕಚೇರಿ ಅದೊಂದೇ ಆಗಿತ್ತು.

ಗೆರೆ ಅಳಿಸಿದ ಮೇಲೆ ಟೆಕ್ಸಾಸಿನ ಸಂಖ್ಯೆ ಏರುತ್ತ ಹೋಯಿತು. 2022-23ರಲ್ಲಿ ವಿಶೇಷ ಶಿಕ್ಷಣದಲ್ಲಿದ್ದವರು ಏಳು ಲಕ್ಷ ದಾಟಿದರು. 2023ರಲ್ಲಿ ಬಂದ ಕಾನೂನು ಡಿಸ್ಲೆಕ್ಸಿಯಾ ಮಕ್ಕಳ ಪರೀಕ್ಷೆಯನ್ನು ಮತ್ತೆ ಮುಖ್ಯ ಕಾಯಿದೆಯ ದಾರಿಗೆ ತಂದಿತು. ಆದರೆ ಇಷ್ಟೊಂದು ಮಕ್ಕಳನ್ನು ಪರೀಕ್ಷಿಸಲು ತಜ್ಞರು ಬೇಕಲ್ಲ! ಶಾಲಾ ಜಿಲ್ಲೆಗಳಲ್ಲಿ ಅರ್ಜಿಗಳು ಗುಡ್ಡೆಬಿದ್ದವು, ಗಡುವುಗಳು ತಪ್ಪಿದವು. ಕೆಲಸ ಇನ್ನೂ ಪೂರ್ತಿಯಾಗಿಲ್ಲವೆಂದು ಕೇಂದ್ರ 2020ರಲ್ಲಿ ಮತ್ತೊಂದು ಪತ್ರ ಬರೆಯಬೇಕಾಯಿತು.

ಹಿಂದೆ ಹೊರಗುಳಿದವರನ್ನು ಹುಡುಕಿ, ತಪ್ಪಿಹೋದ ಪಾಠವನ್ನು ತುಂಬಿಕೊಡುವ ಯೋಜನೆಯೂ 2018ರಲ್ಲಿ ಸಿದ್ಧವಾಯಿತು. ಅದಕ್ಕೊಂದು ಎಲ್ಲೆಯಿತ್ತು. ಕಾಯಿದೆಯ ರಕ್ಷೆ ಹೆಚ್ಚೆಂದರೆ ಇಪ್ಪತ್ತೊಂದರ ವಯಸ್ಸಿನವರೆಗೆ; ಶಾಲೆ ಮುಗಿಸಿದ ಪ್ರಮಾಣಪತ್ರ ಕೈಗೆ ಬಂದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಎಂಟೂವರೆಯ ಗೆರೆ ಎಳೆದ 2004ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು, ಎಲ್ಲೂ ನಿಲ್ಲದೆ ಸಾಗಿದ್ದರೆ, 2016ರ ಬೇಸಿಗೆಯ ಹೊತ್ತಿಗೆ ಹನ್ನೆರಡನೆಯದನ್ನು ಮುಗಿಸಿರುತ್ತದೆ. ಪತ್ರಿಕೆಯ ಮೊದಲ ವರದಿ ಬಂದದ್ದು ಆ ಸೆಪ್ಟೆಂಬರಿನಲ್ಲಿ.