ಮನೆ ದೊಡ್ಡದಿರಬೇಕೋ, ಬೀದಿ ಒಳ್ಳೆಯದಿರಬೇಕೋ?



ಸಂಘದಲ್ಲಿ ಹತ್ತು ಹನ್ನೆರಡು ವರ್ಷ ಉಳಿತಾಯ ಮಾಡಿದ ಮೇಲೆ ನಿಮ್ಮಲ್ಲಿ ಹಲವರು ಈಗ ಸ್ವಂತ ಮನೆಯ ಮಾತೆತ್ತುತ್ತಿದ್ದೀರಿ. ಬಾಡಿಗೆ ಕಟ್ಟಿ ಸಾಕಾಗಿದೆ, ಬ್ಯಾಂಕಿನವರೂ ಸಾಲ ಕೊಡ್ತೀವಿ ಅಂತಾರೆ. ಸಂತೋಷದ ವಿಷಯ. ಆದರೆ ಮನೆ ನೋಡಲು ಹೊರಟವರಿಗೆಲ್ಲ ಎದುರಾಗುವ ಪ್ರಶ್ನೆ ಒಂದೇ. ಅದೇ ದುಡ್ಡಿಗೆ ಊರೊಳಗೆ ಸಣ್ಣ ಮನೆ, ಊರಾಚೆ ದೊಡ್ಡ ಮನೆ. ಯಾವುದನ್ನು ಕೊಳ್ಳಬೇಕು?

ಮೈಸೂರಿನಂಥ ಊರನ್ನೇ ನೋಡೋಣ. ಊರೊಳಗಿನ ಹಳೇ ಬೀದಿಯಲ್ಲಿ 20×30 ಸೈಟಿನ ಆರು ಚದರದ ಮನೆ ಒಂದು. ರಿಂಗ್ ರಸ್ತೆಯ ಆಚೆ, ಹೊಸ ಬಡಾವಣೆಯಲ್ಲಿ 30×40 ಸೈಟಿನ ಹತ್ತು ಚದರದ ಮನೆ ಇನ್ನೊಂದು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಎಂದುಕೊಳ್ಳಿ. ನೋಡಿದ ಕೂಡಲೇ ಮನಸ್ಸು ದೊಡ್ಡದರ ಕಡೆಗೇ ವಾಲುತ್ತದೆ. ನೆಂಟರು ಬಂದರೆ ತೋರಿಸಲೂ ಚೆನ್ನ. ಆದರೆ ಬೆಲೆ ಒಂದೇ ಆದರೂ ಖರ್ಚು ಒಂದೇ ಅಲ್ಲ.

ಬೆಲೆಯಲ್ಲಿ ಕಾಣದ ಖರ್ಚು

ದೂರದ ಮನೆಗೆ ಹೋದರೆ ಯಜಮಾನರ ಬೈಕಿಗೆ ದಿನಕ್ಕೆ 60 ರೂಪಾಯಿ ಪೆಟ್ರೋಲ್ ಹೆಚ್ಚು ಬೇಕಾಯಿತು ಅನ್ನಿ. 26 ದಿನಕ್ಕೆ 1,560 ರೂ. ಮಗುವಿನ ಶಾಲೆ ವ್ಯಾನಿಗೆ 1,000 ರೂ. ಹೆಚ್ಚು. ಆಸ್ಪತ್ರೆ, ರೇಷನ್, ಮಾರ್ಕೆಟ್ ಅಂತ ಆಟೋಗೆ 440 ರೂ. ಒಟ್ಟು ತಿಂಗಳಿಗೆ 3,000 ರೂ. ವರ್ಷಕ್ಕೆ 36,000. ಹದಿನೈದು ವರ್ಷಕ್ಕೆ 5,40,000 ರೂ. ಪೆಟ್ರೋಲ್ ದರ ಒಂದು ಪೈಸೆ ಏರದಿದ್ದರೂ ಇಷ್ಟಾಗುತ್ತದೆ.

ಇದೇ 3,000 ರೂಪಾಯಿಯನ್ನು ಸಾಲದ ಕಂತಿಗೆ ಕಟ್ಟಿದರೆ? ಶೇಕಡಾ 9ರ ಬಡ್ಡಿಯಲ್ಲಿ, 15 ವರ್ಷದ ಅವಧಿಗೆ, ಲಕ್ಷ ರೂಪಾಯಿ ಸಾಲಕ್ಕೆ ಕಂತು ತಿಂಗಳಿಗೆ ಸುಮಾರು 1,014 ರೂ. ಅಂದರೆ 3,000 ರೂಪಾಯಿಗೆ ಹತ್ತಿರ ಹತ್ತಿರ 3 ಲಕ್ಷದ ಸಾಲ ತೀರುತ್ತದೆ. ಹಾಗಾಗಿ ಊರೊಳಗಿನ ಮನೆಗೆ 3 ಲಕ್ಷ ಹೆಚ್ಚು ಕೊಟ್ಟರೂ ತಿಂಗಳ ಲೆಕ್ಕ ಸಮವೇ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು. ಅದನ್ನು ಬರೆದು, ಕೂಡಿ ನೋಡಿ.

"ನಮಗೆ ಬಸ್ ಉಚಿತ ಅಲ್ವಾ ಸಿಸ್ಟರ್?" ಅಂತ ಕೇಳುತ್ತೀರಿ. ನಿಜ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಆದರೆ ಆ ಬಡಾವಣೆಗೆ ಸರ್ಕಾರಿ ಬಸ್ ಬರಬೇಕಲ್ಲ! ದಿನಕ್ಕೆ ಎಷ್ಟು ಸಲ, ಕೊನೆಯ ಬಸ್ ಎಷ್ಟು ಗಂಟೆಗೆ, ಕೇಳಿಕೊಳ್ಳಿ. ಮಂಗಳೂರಿನ ಹಾಗೆ ಖಾಸಗಿ ಸಿಟಿ ಬಸ್ಸೇ ಹೆಚ್ಚಿರುವ ಕಡೆ ಟಿಕೆಟ್ ಕೊಳ್ಳಲೇಬೇಕು.

ಇನ್ನು ಸಮಯ. ದಿನಕ್ಕೆ ಒಂದೂವರೆ ಗಂಟೆ ದಾರಿಯಲ್ಲೇ ಕಳೆದರೆ ತಿಂಗಳಿಗೆ 39 ಗಂಟೆ ಹೋಯಿತು. ಹೊಲಿಗೆ ಮಾಡುವವರಿಗೆ ಅಷ್ಟು ಹೊತ್ತಿನಲ್ಲಿ ಎಷ್ಟು ರವಿಕೆ ಆಗುತ್ತದೆ, ನೀವೇ ಹೇಳಿ.

ನೆರೆಹೊರೆಯೂ ಆಸ್ತಿಯೇ

ರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟಲು ಯಾರಿದ್ದಾರೆ? ಮಗಳು ಟ್ಯೂಷನ್ ಮುಗಿಸಿ ಬರುವಾಗ ಬೀದಿದೀಪ ಉರಿಯುತ್ತದಾ? ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ನ್ಯಾಯಬೆಲೆ ಅಂಗಡಿ ನಡೆದು ಹೋಗುವಷ್ಟು ಹತ್ತಿರ ಇವೆಯಾ? ನಲ್ಲಿ ನೀರು ಇದೆಯಾ, ಟ್ಯಾಂಕರ್ ನೀರಾ? ಒಳಚರಂಡಿ ಇದೆಯಾ?

ಇನ್ನೊಂದು ಮಾತು. ಊರು ಬಿಟ್ಟು ದೂರ ಹೋದರೆ ವಾರದ ಸಭೆಗೆ ಬರುವುದು ಕಷ್ಟ. ನಾಲ್ಕು ವಾರ ತಪ್ಪಿದರೆ ಸಂಘವೇ ಕೈತಪ್ಪುತ್ತದೆ. ಕಷ್ಟಕಾಲದಲ್ಲಿ ಕೇಳಿದ ಕೂಡಲೇ ಆಂತರಿಕ ಸಾಲ ಕೊಡುವವರು ಹೊಸ ಬಡಾವಣೆಯಲ್ಲಿ ಮೊದಲ ದಿನವೇ ಸಿಗುವುದಿಲ್ಲ. ಗಂಡಸರು ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾರೆ. ಹಗಲೆಲ್ಲ ಆ ಬೀದಿಯಲ್ಲಿ ಬಾಳುವವರು ನಾವು. ಆದ್ದರಿಂದ ಮನೆ ಆರಿಸುವಾಗ ನಿಮ್ಮ ಮಾತಿಗೂ ತೂಕ ಇರಲಿ.

ಹಾಗಾದರೆ ದೊಡ್ಡ ಮನೆ ಬೇಡವೇ?

ಹಾಗೇನಿಲ್ಲ. ಅತ್ತೆ ಮಾವ, ಬೆಳೆದ ಗಂಡು ಹೆಣ್ಣು ಮಕ್ಕಳು ಸೇರಿ ಆರೇಳು ಜನ ಇದ್ದರೆ ಆರು ಚದರ ಸಾಲದು. ಮನೆಯಲ್ಲೇ ಹಪ್ಪಳ, ಹೊಲಿಗೆ ಅಂತ ದುಡಿಯುವವರಿಗೆ ಜಾಗವೇ ಬಂಡವಾಳ. ಬಸ್ಸು, ನೀರು, ಶಾಲೆ ಇರುವ ಬಡಾವಣೆಯಾದರೆ ಊರಾಚೆಯ ಮನೆಯೇ ಲೇಸು. ಆದರೆ ಒಂದು ನೆನಪಿರಲಿ. ಪಾಯ ಗಟ್ಟಿಯಾಗಿದ್ದು ಅನುಮತಿ ಸಿಕ್ಕರೆ ಸಣ್ಣ ಮನೆಯ ಮೇಲೆ ಮುಂದೆ ಒಂದು ಕೋಣೆ ಏರಿಸಬಹುದು. ಬೀದಿಯನ್ನು ಮಾತ್ರ ಎತ್ತಿ ಬೇರೆಡೆ ಇಡಲಾಗದು.

ಕಾಗದ ಪತ್ರ ಮರೆಯಬೇಡಿ

ಅಗ್ಗದ ದೊಡ್ಡ ಮನೆ ಕಂಡರೆ ಮೊದಲು ಕಾಗದ ಕೇಳಿ. ನಗರವಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತು. ಜಮೀನು ಭೂಪರಿವರ್ತನೆ ಆಗಿದೆಯಾ, ಬಡಾವಣೆಗೆ ಮಂಜೂರಾತಿ ಇದೆಯಾ ನೋಡಿ. ಹಳೇ ಸಾಲ ತಿಳಿಯಲು ಋಣಭಾರ ಪತ್ರ (ಇ.ಸಿ.) ತೆಗೆಸಿ. ಮುಂಗಡ ಕೊಡುವ ಮೊದಲು ವಕೀಲರಿಗೆ ತೋರಿಸಿ.

ಸ್ವತಂತ್ರ ಮನೆಗೆ ಮುದ್ರಾಂಕ ಶುಲ್ಕ ಶೇಕಡಾ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರಿಂದ 2ಕ್ಕೆ ಏರಿದೆ. ಸೆಸ್, ಸರ್‌ಚಾರ್ಜ್ ಸೇರಿ ಸುಮಾರು ಶೇಕಡಾ 7.6. ಅಂದರೆ 30 ಲಕ್ಷದ ಮನೆಗೆ 2,28,000 ರೂ. ಕೈಯಲ್ಲಿರಬೇಕು.

2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ–ನಗರ 2.0ರಲ್ಲಿ ಬಡ್ಡಿ ಸಹಾಯಧನ ಇದೆ. ವರ್ಷದ ಆದಾಯ 9 ಲಕ್ಷದೊಳಗಿದ್ದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರಿಗೆ ಐದು ವಾರ್ಷಿಕ ಕಂತುಗಳಲ್ಲಿ 1.80 ಲಕ್ಷದವರೆಗೆ ಸಿಗಬಹುದು. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಇದು ನಗರ ವ್ಯಾಪ್ತಿಯ ಯೋಜನೆ. ಊರಾಚೆಯ ಆ ಬಡಾವಣೆ ಇದಕ್ಕೆ ಸೇರುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಪತ್ರ ನಿಮ್ಮ ಹೆಸರಲ್ಲಿ, ಇಲ್ಲವೇ ಜಂಟಿ ಹೆಸರಲ್ಲಿ ಇರುವಂತೆ ನೋಡಿಕೊಳ್ಳಿ.

ಸಭೆಯಲ್ಲಿ ಚರ್ಚಿಸಿ

1. ನೋಡಿದ ಮನೆಗೆ ಮೂರು ಸಲ ಹೋಗಿ: ಬೆಳಿಗ್ಗೆ ನೀರು ಬರುವ ಹೊತ್ತು, ರಾತ್ರಿ ಎಂಟು ಗಂಟೆಗೆ, ಜೋರು ಮಳೆಯ ಮಾರನೇ ದಿನ.
2. ದಲ್ಲಾಳಿಯನ್ನಲ್ಲ, ಆ ಬೀದಿಯ ಹೆಂಗಸರನ್ನು ಕೇಳಿ.
3. ಕಂತು, ಓಡಾಟ, ನೀರು, ಮೂರನ್ನೂ ಕೂಡಿಸಿ ಎರಡು ಮನೆಗಳ ತಿಂಗಳ ಖರ್ಚನ್ನು ಪಕ್ಕಪಕ್ಕ ಬರೆಯಿರಿ.

ಲೆಕ್ಕದ ಹಾಳೆಯನ್ನು ಸಭೆಗೆ ತನ್ನಿ, ಕೂತು ನೋಡೋಣ. ಮುಂಗಡ ಕೊಡುವುದು ಆಮೇಲಾಗಲಿ.