ಗಡಿಯಾರಗಳ ಒಮ್ಮತ

ಮನೆಯ ಗೋಡೆಗಡಿಯಾರ ಎರಡು ನಿಮಿಷ ಹಿಂದೆ ನಡೆದರೆ ಸಂಸಾರಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ರೇಡಿಯೋ ಹಾಕುವ ಹೊತ್ತಿಗೆ ವಾರ್ತೆಯ ಮುಖ್ಯಾಂಶಗಳು ಮುಗಿದಿರಬಹುದು, ಅಷ್ಟೆ. ವಾರ್ತೆಗೆ ಸರಿಯಾಗಿ ಮುಳ್ಳನ್ನು ತಿರುಗಿಸಿಕೊಂಡರೆ ಮತ್ತೆ ಕೆಲವು ದಿನ ನಿಶ್ಚಿಂತೆ. ಆದರೆ ನಮ್ಮ ಬ್ಯಾಂಕಿನ ಲೆಕ್ಕ, ರೈಲಿನ ಟಿಕೇಟು, ವಿದ್ಯುತ್ತಿನ ಬಿಲ್ಲು ಇವೆಲ್ಲವನ್ನೂ ಇಂದು ನೋಡಿಕೊಳ್ಳುತ್ತಿರುವ ಗಣಕಯಂತ್ರಗಳ ಲೋಕದಲ್ಲಿ ಒಂದು ಸೆಕೆಂಡಿನ ನೂರರಲ್ಲೊಂದು ಪಾಲೂ ಲೆಕ್ಕಕ್ಕೆ ಬರುತ್ತದೆ. ಆ ಯಂತ್ರಗಳು ತಮ್ಮ ತಮ್ಮ ಗಡಿಯಾರಗಳನ್ನು ಹೇಗೆ ಹೊಂದಿಸಿಕೊಳ್ಳುತ್ತವೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇಂಥ ಯಂತ್ರಗಳಿಗೆ ಸರ್ವರ್ ಎಂದು ಹೆಸರು. ಕೇಳಿದವರಿಗೆ ಕೇಳಿದ್ದನ್ನು ಒದಗಿಸುವುದೇ ಇವುಗಳ ಕಸುಬು. ದೊಡ್ಡ ಸಂಸ್ಥೆಯ ಕೆಲಸವನ್ನು ಒಂದೇ ಸರ್ವರ್ ಹೊರಲಾರದು. ಅನೇಕ ಸರ್ವರುಗಳು ಒಂದು ಜಾಲವಾಗಿ ಕೂಡಿಕೊಂಡು ಹೊರುತ್ತವೆ. ಪ್ರತಿಯೊಂದು ವ್ಯವಹಾರದ ಮೇಲೂ ವೇಳೆಯ ಮುದ್ರೆ ಬೀಳುತ್ತದೆ, ಅಂಚೆ ಕಚೇರಿಯಲ್ಲಿ ಕಾಗದದ ಮೇಲೆ ಠಸ್ಸೆ ಬಿದ್ದ ಹಾಗೆ. ತೊಡಕಿರುವುದು ಇಲ್ಲಿಯೇ. ಠಸ್ಸೆ ಒತ್ತುವ ಪ್ರತಿಯೊಂದು ಯಂತ್ರವೂ ನೋಡುವುದು ತನ್ನದೇ ಗಡಿಯಾರವನ್ನು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಮನೆ ಬದಲಾಯಿಸಿದ ಕುಟುಂಬವೊಂದು ಅಡಿಗೆ ಅನಿಲದವರಿಗೆ ಹೊಸ ವಿಳಾಸ ತಿಳಿಸುತ್ತದೆ. ಮನೆಯ ನಂಬರು ತಪ್ಪಾಯಿತೆಂದು ಅರ್ಧ ನಿಮಿಷದಲ್ಲೇ ಗೊತ್ತಾಗಿ ತಿದ್ದುತ್ತಾರೆ. ಮೊದಲ ಬರಹ ಸೇರಿದ್ದು ಒಂದು ನಿಮಿಷ ಮುಂದೆ ಓಡುತ್ತಿರುವ ಸರ್ವರಿಗೆ. ತಿದ್ದುಪಡಿ ಸೇರಿದ್ದು ವೇಳೆ ಸರಿಯಾಗಿರುವ ಇನ್ನೊಂದಕ್ಕೆ. ಎರಡೂ ಲೆಕ್ಕ ತಾಳೆ ನೋಡುವಾಗ, ಯಾವುದರ ಮುದ್ರೆ ಹೊಸದೋ ಅದೇ ಸರಿ ಎಂಬ ನಿಯಮವಿದ್ದರೆ, ತಪ್ಪು ವಿಳಾಸವೇ ಗೆಲ್ಲುತ್ತದೆ. ಸಿಲಿಂಡರು ಬೇರೆಯವರ ಬಾಗಿಲಿಗೆ ಹೋಗುತ್ತದೆ. ಯಾವ ಯಂತ್ರವೂ ಕೆಟ್ಟಿಲ್ಲ, ಯಾವ ಗುಮಾಸ್ತೆಯೂ ಅಜಾಗರೂಕನಲ್ಲ. ಆದರೂ ಸತ್ಯ ಅಳಿಸಿಹೋಯಿತು.

ಅಷ್ಟು ದೊಡ್ಡ ಯಂತ್ರಕ್ಕೆ ಒಂದು ನಿಮಿಷದ ತಪ್ಪು ಎಲ್ಲಿಂದ ಬಂತು? ಸರ್ವರಿನೊಳಗೆ ವೇಳೆ ಎಣಿಸುವುದು ಕ್ವಾರ್ಟ್ಸ್ ಸ್ಫಟಿಕದ ಒಂದು ಚೂರು. ಈಗಿನ ಕೈಗಡಿಯಾರಗಳಲ್ಲಿ ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವುದೂ ಅದರ ದಾಯಾದಿಯೇ. ಸ್ಫಟಿಕ ಬಹಳ ನಿಷ್ಠೆಯುಳ್ಳದ್ದು, ಆದರೆ ಪರಿಪೂರ್ಣವಲ್ಲ. ಸೆಕೆ ಹೆಚ್ಚಿದರೆ, ವಯಸ್ಸಾದರೆ ಅದರ ನಡಿಗೆ ಬದಲಾಗುತ್ತದೆ. ಹತ್ತು ಲಕ್ಷ ಕಂಪನಕ್ಕೆ ಇಪ್ಪತ್ತು ಹೆಚ್ಚಾದರೂ ದಿನಕ್ಕೆ ಸುಮಾರು ೧.೭ ಸೆಕೆಂಡು ಮುಂದಾಯಿತು. ಮೂವತ್ತೈದು ದಿನ ಯಾರೂ ಕೇಳದೆ ಬಿಟ್ಟರೆ ಅದೇ ಒಂದು ನಿಮಿಷ. ಪಕ್ಕದ ಯಂತ್ರ ಇಷ್ಟೇ ಹಿಂದೆ ನಡೆಯುವಂಥದಾದರೆ ಇಬ್ಬರ ನಡುವಣ ಅಂತರ ಎರಡು ನಿಮಿಷ.

ಹಾಗಾದರೆ ಬಲ್ಲವರನ್ನು ಕೇಳಿ ಸರಿಪಡಿಸಿಕೊಳ್ಳಬಾರದೆ? ರೇಡಿಯೋದಲ್ಲಿ ಇದು ಸುಲಭ. ಬಿ.ಬಿ.ಸಿ. ೧೯೨೪ರಲ್ಲಿಯೇ ಗ್ರೀನಿಚ್ಚಿನ ವೇಳೆಯನ್ನು ಸಾರುವ ಆರು ‘ಪಿಪ್’ಗಳನ್ನು ಪ್ರಸಾರಮಾಡತೊಡಗಿತು. ರೇಡಿಯೋ ಅಲೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ೩೦೦ ಕಿಲೋಮೀಟರು ದಾಟುವುದರಿಂದ ದೂರದವನಿಗೂ ಹತ್ತಿರದವನಿಗೂ ಒಟ್ಟಿಗೆ ಕೇಳಿಸಿದಂತೆಯೇ. ಗಣಕಗಳ ಜಾಲದಲ್ಲಿ ಹಾಗಲ್ಲ. ಸಂದೇಶ ಅನೇಕ ಕಟ್ಟೆಗಳಲ್ಲಿ ಸರದಿ ಕಾದು ಬರುತ್ತದೆ. ಒಮ್ಮೆ ಬೇಗ, ಒಮ್ಮೆ ತಡ. ‘ಈಗ ಗಂಟೆ ಹತ್ತು’ ಎಂಬ ಮಾತು ತಲುಪುವಾಗ ಹತ್ತು ದಾಟಿರುತ್ತದೆ.

ಈ ತಡವನ್ನು ಅಳೆಯುವ ಉಪಾಯವನ್ನು ಅಂತರಜಾಲದಲ್ಲಿ ನೆಲೆಗೊಳಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. ಬಹುಕಾಲ ಡೆಲಾವೇರ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ೨೦೨೪ರಲ್ಲಿ ತೀರಿಕೊಂಡರು. ೧೯೮೫ರಲ್ಲಿ ಪ್ರಕಟವಾದ ಅವರ ಪದ್ಧತಿಗೆ ಎನ್.ಟಿ.ಪಿ. ಎಂದು ಹೆಸರು. ಅದರ ತಿರುಳನ್ನು ಹೀಗೆ ತಿಳಿಯಬಹುದು.

ಮನೆಯ ಗಡಿಯಾರದಲ್ಲಿ ಒಂಬತ್ತು ಗಂಟೆಯಾದಾಗ ಹುಡುಗನೊಬ್ಬನನ್ನು ಅಂಚೆ ಕಚೇರಿಗೆ ಕಳುಹಿಸಿ, ಅಲ್ಲಿಯ ಗಡಿಯಾರವನ್ನು ತಲುಪಿದಾಗ ಒಮ್ಮೆ, ಹೊರಡುವಾಗ ಒಮ್ಮೆ ನೋಡಿಕೊಂಡು ಬಾ ಎನ್ನಿ. ಅವನು ೯-೧೫ಕ್ಕೆ ತಲುಪಿದೆ, ೯-೨೦ಕ್ಕೆ ಹೊರಟೆ ಎನ್ನುತ್ತಾನೆ. ಮನೆಗೆ ಬಂದಾಗ ನಿಮ್ಮ ಗಡಿಯಾರದಲ್ಲಿ ೯-೨೫. ಒಟ್ಟು ಇಪ್ಪತ್ತೈದು ನಿಮಿಷದಲ್ಲಿ ಅಲ್ಲಿ ನಿಂತದ್ದು ಐದು, ನಡೆದದ್ದು ಇಪ್ಪತ್ತು, ಒಂದು ಕಡೆಗೆ ಹತ್ತು. ೯-೨೦ಕ್ಕೆ ಹತ್ತು ಕೂಡಿಸಿದರೆ ಈಗ ೯-೩೦ ಆಗಿರಬೇಕು. ನಿಮ್ಮ ಗಡಿಯಾರ ಐದು ನಿಮಿಷ ಹಿಂದಿದೆ. ಸರ್ವರುಗಳು ಮಾಡುವುದೂ ಇದೇ ನಾಲ್ಕು ಅಂಕಿಗಳ ಲೆಕ್ಕ.

ಇದರಲ್ಲೊಂದು ನಂಬಿಕೆ ಅಡಗಿದೆ: ಹೋಗುವ ಹೊತ್ತು, ಬರುವ ಹೊತ್ತು ಎರಡೂ ಸಮ ಎಂದು. ಹೋಗುವಾಗ ಏರುದಾರಿ ಹದಿನಾಲ್ಕು ನಿಮಿಷ, ಬರುವಾಗ ಇಳಿಜಾರು ಆರು ನಿಮಿಷ ಹಿಡಿದಿದ್ದರೆ ಲೆಕ್ಕ ನಾಲ್ಕು ನಿಮಿಷ ತಪ್ಪುತ್ತದೆ. ಆದ್ದರಿಂದ ಸರ್ವರ್ ಒಬ್ಬರನ್ನೇ ನಂಬುವುದಿಲ್ಲ. ಇಬ್ಬರನ್ನು ಕೇಳಿ ಭಿನ್ನ ಉತ್ತರ ಬಂದರೆ ಯಾರು ಸರಿಯೆಂದು ತಿಳಿಯದು. ನಾಲ್ಕು ಕಡೆ ವಿಚಾರಿಸಿದರೆ ಪಂಕ್ತಿ ಬಿಟ್ಟವನು ಸಿಕ್ಕಿಬೀಳುತ್ತಾನೆ. ಅವನನ್ನು ಬಿಟ್ಟು ಉಳಿದವರ ಮಾತನ್ನು ಹಿಡಿಯುತ್ತದೆ.

ಕೇಳುತ್ತ ಕೇಳುತ್ತ ಮೇಲಕ್ಕೆ ಹೋದರೆ ಕೊನೆಗೆ ಸಿಕ್ಕುವುದು ಪರಮಾಣು ಗಡಿಯಾರ. ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ಅಲೆಯ ೯,೧೯೨,೬೩೧,೭೭೦ ಕಂಪನಗಳೇ ಒಂದು ಸೆಕೆಂಡು ಎಂದು ೧೯೬೭ರಲ್ಲಿ ಗೊತ್ತುಮಾಡಲಾಯಿತು. ಭಾರತದ ವೇಳೆಯನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ದೇಶದ ಸಂಸ್ಥೆಗಳು ತಮ್ಮ ಗಣಕಗಳ ಗಡಿಯಾರವನ್ನು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ವೇಳೆಗೆ, ಇಲ್ಲವೆ ಅವುಗಳಿಂದ ಪಡೆದ ವೇಳೆಗೆ, ಹೊಂದಿಸತಕ್ಕದ್ದೆಂದು ೨೦೨೨ರ ಏಪ್ರಿಲಿನಲ್ಲಿ ಸರ್ಕಾರದ ನಿರ್ದೇಶನ ಹೊರಟಿತು. ಕಳ್ಳರು ಒಂದು ಜಾಲವನ್ನು ಹೊಕ್ಕರೆ ಯಾವ ಬಾಗಿಲು ಮೊದಲು ತೆರೆಯಿತು, ಯಾವುದು ಆಮೇಲೆ ಎಂದು ಹೇಳಬೇಕಾದದ್ದು ಆ ಯಂತ್ರಗಳ ದಿನಚರಿಗಳೇ. ಅವುಗಳ ವೇಳೆಗಳು ಕೂಡಿಬರದಿದ್ದರೆ ಸಾಕ್ಷಿಯೇ ಗೊಂದಲವಾಗುತ್ತದೆ.

ತಪ್ಪು ಗೊತ್ತಾದ ಮೇಲೆ ತಿದ್ದುವುದಕ್ಕೂ ಒಂದು ನಯವಿದೆ. ಮುಂದೆ ಓಡಿದ ಗಡಿಯಾರವನ್ನು ೧೦-೦೫ರಿಂದ ೧೦ ಗಂಟೆಗೆ ಎಳೆದರೆ ಆ ಐದು ನಿಮಿಷ ಎರಡು ಸಲ ಬಂದಂತಾಯಿತು. ೧೦-೦೨ಕ್ಕೆ ಪಾವತಿಯಾಗಬೇಕಾದ ಹಣ ಎರಡು ಸಲ ಪಾವತಿಯಾಗಬಹುದು. ಆದ್ದರಿಂದ ಸಣ್ಣ ತಪ್ಪಾದರೆ ಗಡಿಯಾರವನ್ನು ಹಿಂದಕ್ಕೆ ಎಳೆಯದೆ ಅದರ ನಡಿಗೆಯನ್ನು ಮಾತ್ರ ತಗ್ಗಿಸುತ್ತಾರೆ. ಸೆಕೆಂಡಿಗೆ ಸಾವಿರದ ಅರ್ಧ ಪಾಲಿನಂತೆ ನಿಧಾನಿಸಿದರೆ ಒಂದು ಸೆಕೆಂಡು ಸರಿಹೋಗಲು ಅರ್ಧ ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಈ ತಾಳ್ಮೆಯ ಬೆಲೆ ೨೦೧೨ರ ಜೂನ್ ೩೦ರಂದು ಚೆನ್ನಾಗಿ ತಿಳಿಯಿತು. ಭೂಮಿಯ ತಿರುಗಾಟಕ್ಕೆ ಹೊಂದುವಂತೆ ಅಂದು ಜಗತ್ತಿನ ವೇಳೆಗೆ ಒಂದು ಸೆಕೆಂಡನ್ನು ಕೂಡಿಸಿದಾಗ, ಲಿನಕ್ಸ್ ಎಂಬ ವ್ಯವಸ್ಥೆಯ ಒಂದು ದೋಷದಿಂದ ಅನೇಕ ಸರ್ವರುಗಳು ಇದ್ದಲ್ಲಿಯೇ ಗಿರಕಿ ಹೊಡೆಯತೊಡಗಿ ಹಲವು ಸೇವೆಗಳು ಸ್ಥಗಿತವಾದುವು. ಗೂಗಲ್ ಸಂಸ್ಥೆ ಆ ಸೆಕೆಂಡನ್ನು ಮೊದಲೇ ಹಲವು ಗಂಟೆಗಳ ಮೇಲೆ ತೆಳ್ಳಗೆ ಹರಡಿ ಪಾರಾಯಿತು. ಇಂಥ ಕೂಡಿಕೆಯನ್ನು ೨೦೩೫ರೊಳಗೆ ಕೈಬಿಡುವುದೆಂದು ೨೦೨೨ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ತೀರ್ಮಾನಿಸಿತು.

ಎಷ್ಟು ಹೊಂದಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದಕ್ಕೆ ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರು ೧೯೭೮ರಲ್ಲಿಯೇ ಒಂದು ದಾರಿ ತೋರಿಸಿದ್ದರು: ಗಂಟೆ ಎಷ್ಟೆಂದು ತಿಳಿಯದಿದ್ದರೂ ಉತ್ತರ ಪ್ರಶ್ನೆಯ ಅನಂತರವೇ ಬಂದಿರಬೇಕಷ್ಟೆ, ಹಾಗೆ ಕ್ರಮಸಂಖ್ಯೆ ಕೊಡುತ್ತ ಹೋಗಿ ಎಂದು. ಜಾಗ್ರತೆಯಿಂದ ಕಟ್ಟಿದ ವ್ಯವಸ್ಥೆಗಳು ಗಡಿಯಾರವನ್ನೂ ನೋಡುತ್ತವೆ, ಈ ಕ್ರಮವನ್ನೂ ಪಾಲಿಸುತ್ತವೆ.

ಮನೆಯವರು ಮಾಡಬೇಕಾದ ಕೆಲಸವೂ ಒಂದಿದೆ. ನಿಮ್ಮ ಫೋನಿನಲ್ಲಾಗಲಿ ಗಣಕದಲ್ಲಾಗಲಿ ವೇಳೆಯನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಏರ್ಪಾಡನ್ನು ತೆಗೆದುಹಾಕಬೇಡಿ. ತಾರೀಖು ಬಹಳ ತಪ್ಪಿದ್ದರೆ ಬ್ಯಾಂಕಿನ ಗುರುತಿನ ಪತ್ರವೇ ಅವಧಿ ಮೀರಿದಂತೆ ನಿಮ್ಮ ಯಂತ್ರಕ್ಕೆ ಕಂಡು, ಅದು ಒಳಗೆ ಬಿಡಲು ಒಪ್ಪದೆ ಹೋಗಬಹುದು. ಆಗ ಬ್ಯಾಂಕಿಗೆ ದೂರು ಬರೆಯುವ ಮುನ್ನ ಒಮ್ಮೆ ಗಡಿಯಾರವನ್ನು ನೋಡುವುದು ಮೇಲು.