ಸಾಮಾನ್ಯ ವೈದ್ಯರ ಕೊಠಡಿಯಲ್ಲಿ ರೋಗಿಯ ಮಾತು

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)



ಸತ್ವಾದ ದರ್ಜಿ ಅಂಗಡಿಗಳ ನಡುವಣ ಸಣ್ಣ ಕ್ಲಿನಿಕ್ಕುಗಳಿಗೆ ಬರುವ ನಮ್ಮವರಲ್ಲಿ ಹಲವರಿಗೆ ಇಬ್ಬರು ವೈದ್ಯರು: ಇಲ್ಲಿ ಒಬ್ಬರು, ರಜೆಗೆ ಹೋದಾಗ ಊರಿನಲ್ಲಿ ಇನ್ನೊಬ್ಬರು. ಒಂದೇ ಮೆಟ್‌ಫಾರ್ಮಿನ್ ಮದ್ದನ್ನು ಎರಡು ಬೇರೆ ಹೆಸರಿನ ಗುಳಿಗೆಗಳಾಗಿ ದಿನವೂ ನುಂಗುವ ಅಪಾಯ ಹುಟ್ಟುವುದು ಇಲ್ಲಿಯೇ. ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಈ ಮೌನವನ್ನು ಮುರಿಯುವ ಕ್ರಮಕ್ಕೆ ರೋಗಿಕೇಂದ್ರಿತ ಚಿಕಿತ್ಸೆಯೆಂದು ಹೆಸರು.

ವಿಚಾರವೇನೋ ಹಳೆಯದೇ. ಲಂಡನ್ನಿನಲ್ಲಿ ಸಾಮಾನ್ಯ ವೈದ್ಯರೊಡನೆ ನಡೆಸಿದ ಚರ್ಚೆಗಳನ್ನು ಆಧರಿಸಿ ಮೈಕೇಲ್ ಬಾಲಿಂಟ್ 1957ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ವೈದ್ಯನೇ ಒಂದು ಔಷಧವೆಂದು ಪ್ರತಿಪಾದಿಸಿದರು. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ 74 ಭೇಟಿಗಳನ್ನು ಪರಿಶೀಲಿಸಿದಾಗ, ವೈದ್ಯರು ಮಾತಿಗೆ ಅಡ್ಡಬಂದ ಕಡೆಗಳಲ್ಲಿ ರೋಗಿಗೆ ದೊರೆತಿದ್ದ ಅವಧಿ ಸರಾಸರಿ 18 ಸೆಕೆಂಡು!

ದುಬೈಯಲ್ಲಿ 2013ರ ಕಾನೂನು ಆರೋಗ್ಯ ವಿಮೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಅದರ ಮೂಲ ಯೋಜನೆಯಲ್ಲಿ ತಜ್ಞರ ಬಳಿಗೆ ಹೋಗಲು ಮೊದಲು ಸಾಮಾನ್ಯ ವೈದ್ಯರನ್ನು ಕಾಣಬೇಕು. ಆದುದರಿಂದ ಆ ಮೊದಲ ಕೊಠಡಿಯ ಮಾತುಕತೆಗೆ ಮಹತ್ವ ಹೆಚ್ಚು.

ಹೊರಗೆ ಇಪ್ಪತ್ತು ಜನ ಕಾದಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ಸಹಜವಾದುದು. ಎಲ್ಲವನ್ನೂ ಒಂದೇ ದಿನ ಬದಲಿಸಹೊರಟರೆ ವಾರದೊಳಗೆ ಹಳೆಯ ದಾರಿಗೇ ಮರಳಬೇಕಾದೀತು. ಮಧುಮೇಹ ಮತ್ತು ರಕ್ತದೊತ್ತಡ ಇರುವವರಿಂದ ಮಾತ್ರ ಆರಂಭಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ರೋಗಿ ಹೊರಗೆ ಕಾಯುವಾಗಲೇ ದಾದಿ ಅವನ ಮದ್ದಿನ ಚೀಲವನ್ನು ಬಿಚ್ಚಿಸಿ ಪಟ್ಟಿ ಮಾಡಲಿ. ಇದು ರೂಢಿಯಾದ ಬಳಿಕ ವೈದ್ಯರು ಒಂದು ಪ್ರಶ್ನೆಯನ್ನು ಸೇರಿಸಲಿ: "ಈ ಮದ್ದು ತೆಗೆದುಕೊಳ್ಳಲು ನಿಮಗೆ ಏನಾದರೂ ತೊಂದರೆಯುಂಟೆ?"

ಆ ಪ್ರಶ್ನೆಗೆ ಬರುವ ಉತ್ತರ ಪಠ್ಯಪುಸ್ತಕದಲ್ಲಿ ಸಿಗದು. ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಟ್ಯಾಕ್ಸಿ ಚಾಲಕ ಬಿಟ್ಟಿರುವುದು ಉಡಾಫೆಯಿಂದಲ್ಲ. ದಾರಿಯಲ್ಲಿ ಬೇಕೆಂದಾಗ ವಾಹನ ನಿಲ್ಲಿಸಲಾಗದು. ಆಗ ಬೇರೆ ಮದ್ದನ್ನು ಆಲೋಚಿಸಬಹುದು, ಇಲ್ಲವೆ ವೇಳೆಯನ್ನು ಬದಲಿಸಬಹುದು. ರಮಝಾನಿನ ಉಪವಾಸವನ್ನೂ ಹೀಗೆಯೇ ನೋಡಬೇಕು. "ಉಪವಾಸ ಬೇಡ" ಎಂದು ಗದರಿದರೆ ರೋಗಿ ಹೇಳದೆ ಹಿಡಿಯುತ್ತಾನೆ, ರಕ್ತದ ಸಕ್ಕರೆ ಕುಸಿದಾಗಲೂ ಬಾಯಿ ಬಿಡುವುದಿಲ್ಲ. ಆರರಿಂದ ಎಂಟು ವಾರ ಮೊದಲೇ ಕುಳಿತು ಮಾತನಾಡಿದರೆ ಅಪಾಯವೆಷ್ಟೆಂದು ತೂಗಿ ಮದ್ದಿನ ಪ್ರಮಾಣವನ್ನು ಸರಿಪಡಿಸಬಹುದು. ಅಪಾಯ ಹೆಚ್ಚಿದ್ದರೆ ಬೇಡವೆಂಬ ಮಾತನ್ನು ಕಾರಣಸಹಿತ ತಿಳಿಸಬಹುದು.

ಇನ್ನು ಕೆಲವರು ಕಾಯಿಲೆಯನ್ನು ಮುಚ್ಚಿಡುವುದು ವೀಸಾ ಹೋದೀತೆಂಬ ಭಯದಿಂದ. ನಿವಾಸ ವೀಸಾದ ಪರೀಕ್ಷೆ ಕ್ಷಯ, ಎಚ್.ಐ.ವಿ. ಮುಂತಾದ ಸೋಂಕುಗಳನ್ನು ಹುಡುಕುವಂಥದು, ಸಕ್ಕರೆಯನ್ನಲ್ಲ. ಇಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಎಷ್ಟೋ ಜನರ ನಾಲಗೆ ಸಡಿಲವಾಗುತ್ತದೆ.

ಕೊನೆಯ ಹಂತವೆಂದರೆ ತೀರ್ಮಾನದಲ್ಲಿ ಪಾಲು. ವೈದ್ಯರು ಹೇಳಿದ್ದನ್ನು ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ತಪ್ಪಿದರೆ ವೈದ್ಯರು ಇನ್ನೊಮ್ಮೆ ವಿವರಿಸಬೇಕು. ಇದಕ್ಕೆ ಹಿಡಿಯುವುದು ಒಂದೆರಡು ನಿಮಿಷ.

ಊರಿನಿಂದ ಬಂದ ತಾಯಂದಿರನ್ನು ಕ್ಲಿನಿಕ್ಕಿಗೆ ಕರೆತರುವ ಮಕ್ಕಳಲ್ಲಿ ನಮ್ಮದೊಂದು ವಿನಂತಿಯುಂಟು. ವೈದ್ಯರ ಪ್ರಶ್ನೆಗೆ ಅವರೇ ತುಳುವಿನಲ್ಲೋ ಕನ್ನಡದಲ್ಲೋ ಉತ್ತರಿಸಲಿ. ತಾವು ಆಮೇಲೆ ಅನುವಾದಿಸಿರಿ. "ಅಮ್ಮನಿಗೆ ಏನಿಲ್ಲ ಡಾಕ್ಟ್ರೇ, ಬರೇ ಗ್ಯಾಸ್ಟ್ರಿಕ್" ಎಂದು ಮಗನೇ ಮುಗಿಸಿಬಿಟ್ಟರೆ, ಅದು ಎದೆಯುರಿಯೋ ಎದೆನೋವೋ ಎಂಬುದನ್ನು ಆ ತಾಯಿಯಿಂದ ತಿಳಿಯುವ ಬಗೆ ಹೇಗೆ?